ತಾವು ಮೊದಲು

ಎಲ್ಲದಕ್ಕೂ ಕಾರಣ ಒಂದು ಕುರ್ಚಿ. ದರ್ಜಿ ಎವರಿಸ್ತೋನ ಮನೆಯಲ್ಲಿ, ತೀರಿಹೋದ ಮಾವನ ಕೈಕುರ್ಚಿ ಊಟದ ಮೇಜಿನ ತುದಿಗೆ ಇನ್ನೂ ಖಾಲಿ ಇತ್ತು. ಮದುವೆಯಾದಾಗಿನಿಂದ ಎವರಿಸ್ತೋನಿಗೆ ಅಡುಗೆಮನೆ ಬಾಗಿಲ ಬಳಿಯ ಸ್ಟೂಲೇ ಗತಿ. ಕುರ್ಚಿಯ ಮಾತೆತ್ತಿದರೆ ಅತ್ತೆ ದೋನ್ಯಾ ಹಸಿಂತಾ ಕೇಳುತ್ತಿದ್ದದ್ದು ಒಂದೇ.

"ಹುಟ್ಟಿದಾಗಿಂದ ಒಂದರಲ್ಲಾದ್ರೂ ಮೊದಲು ಬಂದಿದ್ದೀರಾ, ಅಳಿಯಂದಿರೇ? ಮೊದಲು ಬಂದವರಿಗೆ ಆ ಕುರ್ಚಿ."

ಅದಕ್ಕೇ ಭಾನುವಾರ ನಮ್ಮ ಹಲಾಪಾ ಊರಿನ ಪಾರ್ಕಿನಲ್ಲಿ ನಡೆಯುವ ಓಟದ ಪಂದ್ಯಕ್ಕೆ ಅವನು ಹೆಸರು ಕೊಟ್ಟ. ಅತ್ತೆಯೂ ಬಂದರು. ಓಟ ನೋಡೋಕಲ್ಲ, ಮಂಜಿಗೆ ಅಳಿಯನಿಗೆ ನೆಗಡಿಯಾದರೆ ಕಷಾಯ ಕಾಸುವ ಕರ್ಮ ತಮ್ಮದೇ ಅಂತ ಸ್ವೆಟರ್ ಹಿಡಿದುಕೊಂಡು ಬಂದರು.

ನಮ್ಮೂರ ಪಾರ್ಕಿನಲ್ಲಿ ಓಡುವುದು ಹುಡುಗಾಟವಲ್ಲ. ಎದುರು ಸಿಕ್ಕವರಿಗೆಲ್ಲ ನಮಸ್ಕಾರ ಹೇಳಬೇಕು. ಬೆಂಚಿನ ಮೇಲೆ ಎಲೆ ಸುತ್ತಿದ ತಮಾಲೆ ಕಡುಬು ಬಿಚ್ಚಿ ಕೂತವರಿಗೆ ಚೆನ್ನಾಗಿ ಉಣ್ಣಿ ಅನ್ನಬೇಕು. ಅವರು ನೀವೂ ಒಂದು ತಗೊಳ್ಳಿ ಅಂದರೆ ಎದೆಯ ಮೇಲೆ ಕೈಯಿಟ್ಟು ಬೇಡ ಅನ್ನಬೇಕು. ಬೇಡ ಅನ್ನಲಾರದ ಅರ್ಧ ಜನ ಅಲ್ಲೇ ಕೂತು ತಿನ್ನತೊಡಗಿದ್ದರಿಂದಲೇ ಎವರಿಸ್ತೋ ಮುಂದಾದ. ದಾರಿಯುದ್ದಕ್ಕೂ ಜಕರಂದಾ ಹೂ ನೀಲಿಯಾಗಿ ಬಿದ್ದಿತ್ತು, ಮರಗಳ ಮಧ್ಯೆ ಮಂಜು ಬೆಳ್ಳಗೆ ಕರಗುತ್ತಿತ್ತು. ಕಸ ಗುಡಿಸುವವನು ಓಡುವವರಿಗೆ ಧೂಳು ತಾಗದಿರಲೆಂದು ಪೊರಕೆ ಎತ್ತಿ ಹಿಡಿದು ನಿಂತಿದ್ದ. ಇಂಥ ಊರು ಇನ್ನೆಲ್ಲಿದೆ ಅಂತ ಏದುಸಿರಿನಲ್ಲೂ ಎವರಿಸ್ತೋನ ಎದೆ ಉಬ್ಬಿತು.

ಕೊನೆಗೆ ಗೇಟು. ಒಂದು ಸಲಕ್ಕೆ ಒಬ್ಬರೇ ಹಿಡಿಸುವ ಕಿರುಗೇಟು, ಅದರಾಚೆ ಓಟದ ಗುರಿಗೆ ಅಡ್ಡ ಕಟ್ಟಿದ ಕೆಂಪು ಪಟ್ಟಿ. ಅಲ್ಲಿಗೆ ಅವನೂ ಕ್ಷೌರಿಕ ಫಿಲೆಮೋನನೂ ಜೊತೆಜೊತೆಗೇ ಬಂದು ಮುಟ್ಟಿದರು.

"ತಾವು ಮೊದಲು, ದೋನ್ ಫಿಲೆಮೋನ್." ಮಾತು ತಂತಾನೇ ಬಾಯಿಂದ ಬಂದುಬಿಟ್ಟಿತು.

"ಎಲ್ಲಾದ್ರೂ ಉಂಟೇ? ತಾವು ಮೊದಲು."

ಕುರ್ಚಿ ಕಣ್ಣ ಮುಂದೆ ಕುಣಿಯುತ್ತಿತ್ತು. ಆದರೂ ಒಬ್ಬ ಮನುಷ್ಯನನ್ನು ದಾಟಿಕೊಂಡು ನುಗ್ಗುವುದು ಹೇಗೆ? ಇಬ್ಬರೂ ಬಾಗಿ ಬಾಗಿ ಕೈ ತೋರಿಸುತ್ತಲೇ ಇದ್ದರು. ಹಿಂದೆ ಬಂದವರೂ ತಳ್ಳಲಿಲ್ಲ, ಸಾಲಾಗಿ ನಿಂತರು.

ಅಷ್ಟರಲ್ಲಿ ಹಿಂದಿನಿಂದ ಸ್ವಲ್ಪ ದಾರಿ ಬಿಡಿ ಅಂತ ಒಂದು ದನಿ ಕೇಳಿತು. ಒಲೆಯ ಮೇಲೆ ಕಾಳು ಬೇಯಲು ಇಟ್ಟಿದ್ದು ನೆನಪಾಗಿ ಅತ್ತೆ ಮನೆಗೆ ಹೊರಟಿದ್ದರು. ಹಿರಿಯ ಹೆಂಗಸು ಅಂತ ಸಾಲಿಗೆ ಸಾಲೇ ಪಕ್ಕಕ್ಕೆ ಸರಿಯಿತು. ಎವರಿಸ್ತೋನೇ ಗೇಟು ತೆರೆದು ಹಿಡಿದ. ಅತ್ತೆ ಸರಸರ ನಡೆದ ರಭಸಕ್ಕೆ ಪಟ್ಟಿ ಹರಿಯಿತು.

ತೀರ್ಪುಗಾರರಾಗಿದ್ದ ಹಳೇ ಮೇಷ್ಟ್ರು ಪಟ್ಟಿ ಹರಿದವರೇ ಮೊದಲು ಅಂದು ಪದಕವನ್ನು ಅತ್ತೆಯ ಕೊರಳಿಗೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಎವರಿಸ್ತೋನೇ.

ಮಧ್ಯಾಹ್ನದ ಊಟಕ್ಕೆ ಅತ್ತೆ ಪದಕ ಹಾಕಿಕೊಂಡೇ ಮಾವನ ಕುರ್ಚಿಯಲ್ಲಿ ಕೂತರು. ಮಾತೆಂದರೆ ಮಾತು. ಅತ್ತೆ ಕೂರುತ್ತಿದ್ದ ಹಳೇ ಜಾಗವಾದರೂ ಸಿಕ್ಕೀತೇನೋ ಅಂತ ಎವರಿಸ್ತೋ ಸ್ಟೂಲಿನಿಂದ ಮೆಲ್ಲಗೆ ಎದ್ದ.

"ನಿಮ್ಮ ಹಾಗೆ ದಾರಿ ಬಿಡೋರು ಊರಲ್ಲೇ ಇಲ್ಲ ಅಂತ ಎಲ್ಲರೂ ಕೊಂಡಾಡ್ತಿದ್ದಾರೆ, ಅಳಿಯಂದಿರೇ. ನಂಗೂ ಹೆಮ್ಮೆ ಆಯ್ತು," ಅಂದರು ಅತ್ತೆ. "ಅಡುಗೆಮನೆ ಬಾಗಿಲ ಹತ್ರ ಅಂಥವರೇ ಇರ್ಬೇಕು."

ಎವರಿಸ್ತೋ ಮೀಸೆ ತಿರುವಿಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತ.