ಏರಿನ ಜಟಗನ ಎದುರು ಎರಡು ನಿಮಿಷ ಇಂಜಿನ್ ಚಾಲೂ ಇಡುವ ಬಗ್ಗೆ

ಇಂದ,
ದೇವಿದಾಸ ನಾಯ್ಕ,
ಗುಮಾಸ್ತ, ಟಪಾಲು ವಿಭಾಗ, ಕಾರವಾರದ ಒಂದು ಕಚೇರಿ,
ವಾಸ: ಬೆಳಂಬಾರ, ಅಂಕೋಲಾ ತಾಲೂಕು.

ಗೆ,
ಶ್ರೀ ಏರಿನ ಜಟಗ ದೇವರು,
ಅಂಕೋಲಾ–ಕಾರವಾರ ಹೆದ್ದಾರಿ, ಏರಿನ ನೆತ್ತಿ,
(ರಸ್ತೆ ಅಗಲವಾದ ಮೇಲೆ ಹಿಂದೆ ಸರಿದ ಹೊಸ ಕಟ್ಟೆ).

ಮುಖಾಂತರ: ಶ್ರೀಮತಿ ಗಂಗೂ ನಾಯ್ಕ, ಅರ್ಜಿದಾರನ ತಾಯಿ. (ಇದಕ್ಕಿಂತ ಸೂಕ್ತ ಮಾರ್ಗ ಅರ್ಜಿದಾರನಿಗೆ ಇಲ್ಲ.)

ವಿಷಯ: ತಮ್ಮ ಸನ್ನಿಧಿಯಲ್ಲಿ ಕಾರು ನಿಲ್ಲಿಸಿದ ಮೇಲೆ ಇಂಜಿನ್ನನ್ನು ಎರಡು ನಿಮಿಷ ಚಾಲೂ ಇಡಲು ಅನುಮತಿ ಕೋರಿ.

ಉಲ್ಲೇಖ: 1. ಶ್ರೀಮತಿ ಗಂಗೂ ಅವರ ಮೌಖಿಕ ಆದೇಶ.
2. ಅಂಕೋಲಾದ ಗ್ಯಾರೇಜಿನ ಕಿಶನನ ತಾಂತ್ರಿಕ ಅಭಿಪ್ರಾಯ.
3. ಇದೇ ವಿಷಯದಲ್ಲಿ ಅರ್ಜಿದಾರನು ಮನಸ್ಸಿನಲ್ಲೇ ಸಲ್ಲಿಸಿದ ಹಲವು ಮನವಿಗಳು. (ಉತ್ತರ ಬಂದಿರುವುದಿಲ್ಲ.)

ಮಾನ್ಯ ದೇವರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ದಿವ್ಯ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಅರ್ಜಿದಾರನು ಬೆಳಂಬಾರದಿಂದ ಕಾರವಾರಕ್ಕೆ ದಿನವೂ ತನ್ನ ಹಳೆಯ ಡೀಸೆಲ್ ಕಾರಿನಲ್ಲಿ ನೌಕರಿಗೆ ಹೋಗಿಬರುವವನು. ತಮ್ಮ ಎದುರು ಒಂದು ದಿನವೂ ನಿಲ್ಲದೆ ಹೋದವನಲ್ಲ. ಇದಕ್ಕೆ ಭಕ್ತಿ ಕಾರಣವೋ ಭಯ ಕಾರಣವೋ ಎಂಬುದು ಪರಿಶೀಲನೆಯ ಹಂತದಲ್ಲಿದೆ.

1. ತಮ್ಮ ಕಟ್ಟೆಯ ಪದ್ಧತಿ ತಮಗೇ ಗೊತ್ತು. ನೆತ್ತಿಯ ತಿರುವು ದಾಟಿ ಕೆಂಪು ಬಾವುಟ ಕಂಡ ಕೂಡಲೇ ಇಂಜಿನ್ ಬಂದ್ ಮಾಡಬೇಕು. ಸದ್ದಿಲ್ಲದೆ ಉರುಳಿಕೊಂಡು ಬಂದು ತಮ್ಮ ಎದುರು ನಿಲ್ಲಬೇಕು. ದೇವರ ಮುಂದೆ ಗಾಡಿ ಗುರುಗುಟ್ಟಬಾರದು. ಇಂಜಿನ್ ಬಂದಾದರೆ ಬ್ರೇಕೂ ಸ್ಟಿಯರಿಂಗೂ ಗಟ್ಟಿಯಾಗಿಬಿಡುತ್ತವೆ. ಹೀಗಾಗಿ ಅಲ್ಲಿ ನಿಲ್ಲುವ ಹೊತ್ತಿಗೆ ಎಂಥ ನಾಸ್ತಿಕನ ಬಾಯಲ್ಲೂ ತಮ್ಮ ಹೆಸರು ತಾನಾಗಿ ಬರುತ್ತದೆ.

2. ಹೀಗಿರುತ್ತಾ, ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಸದರಿ ಕಾರು ಏರಿನಲ್ಲಿ ಸಿಳ್ಳೆ ಹಾಕಲು ಶುರುಮಾಡಿತು. ಮೊದಲು ಸಣ್ಣಗೆ, ಆಮೇಲೆ ಊರಿಗೇ ಕೇಳುವಂತೆ. ಆಂಬುಲೆನ್ಸ್ ಬಂತೆಂದು ಲಾರಿಗಳು ಪಕ್ಕಕ್ಕೆ ಸರಿದು ದಾರಿಬಿಟ್ಟವು. ಆ ವಾರ ಅರ್ಜಿದಾರನು ನೌಕರಿಗೆ ಸೇರಿದ ಮೇಲೆ ಮೊದಲ ಬಾರಿಗೆ ಕಚೇರಿಗೆ ಸರಿಯಾದ ಹೊತ್ತಿಗೆ ತಲುಪಿದನು. ಮೇಲಧಿಕಾರಿಗಳು ಗಾಬರಿಯಾಗಿ, ಮನೆಯಲ್ಲಿ ಎಲ್ಲ ಆರೋಗ್ಯವೇ ಎಂದು ವಿಚಾರಿಸಿದರು. ಪಕ್ಕದ ಮೇಜಿನ ಗುರುಪ್ರಸಾದನು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಬೆಲ್ಟಿಗೆ ಸೋಪು ಹಚ್ಚಿದರೆ ಸರಿಹೋಗುತ್ತದೆ ಎಂದು ಘೋಷಿಸಿದನು. ಸೋಪು ಹಚ್ಚಲಾಯಿತು. ಮರುದಿನ ಕಾರು ನೀಲಿ ಹೊಗೆ ಕಾರುತ್ತಾ, ಏರಿನ ಅರ್ಧದಲ್ಲಿ ಹಟ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಿತು.

3. ಕಾರಣ ತಿಳಿಯುವ ಸಲುವಾಗಿ ಕಾರನ್ನು ಕಿಶನನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಲಾಯಿತು. ಅವನು ಬಾನೆಟ್ಟಿನೊಳಗೆ ತಲೆ ಹಾಕುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ.

"ಸಾಹೇಬ್ರೆ, ಏರು ಹತ್ತಿದ ಕೂಡ್ಲೆ ಎಲ್ಲಿ ಬಂದ್ ಮಾಡ್ತ್ರಿ?"

"ಜಟಗನ ಎದ್ರು."

"ಹಾಂಗಾರೆ ನಿಮ್ದು ಜಟಗನ ಕೇಸು. ಟರ್ಬೊ ಹೋಯ್ತು."

ಟರ್ಬೊ ಎಂದರೆ ಇಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೇ ಗಾಳಿ ಊದುವ ಪುಟ್ಟ ಚಕ್ರ ಎಂದು ಅರ್ಜಿದಾರನು ಅಂದೇ ತಿಳಿದನು. ಅಲ್ಲಿಯವರೆಗೆ ಅದು ಕಾರಿನ ಹಿಂದೆ ಬರೆದ ಹೆಸರೆಂದು ನಂಬಿದ್ದನು. ಕಿಶನನು ಕಳಚಿ ತೆಗೆದ ಚಕ್ರ ಅಲುಗಾಡುವ ಹಲ್ಲಿನಂತೆ ಲಟಪಟ ಅನ್ನುತ್ತಿತ್ತು.

"ಏರು ಹತ್ತಿದ್ರೆ ಇದು ಕೆಂಡದ ಹಾಂಗೆ ಕಾಯ್ತದೆ. ನೀವು ಪಟ್ಟ ಅಂತ ಬಂದ್ ಮಾಡಿದ್ರೆ ಚಕ್ರ ಇನ್ನೂ ತಿರುಗ್ತಾನೇ ಇರ್ತದೆ, ಆಯಿಲ್ ಬರೂದು ಮಾತ್ರ ನಿಲ್ತದೆ. ಒಳಗಿದ್ದ ಆಯಿಲ್ ಬಂಗಡೆ ಹುರ್ದ ಕಾವಲಿ ಹಾಂಗೆ ಕರ್ರಗೆ ಅಂಟ್ಕಂಡು ಕೂಡ್ತದೆ. ಎರಡು ನಿಮಿಷ ಚಾಲೂ ಇಟ್ಟು, ತಣ್ಣಗಾದ ಮೇಲೆ ಬಂದ್ ಮಾಡ್ಬೇಕು."

"ನೀನು ಹಾಂಗೇ ಮಾಡ್ತ್ಯೇನಾ?"

"ಛೆ ಛೆ! ಜಟಗನ ಎದ್ರು? ನಾ ಮಕ್ಳು ಮರಿ ಇದ್ದವ. ನಂದೇ ಎರಡು ಟರ್ಬೊ ಹೋಯ್ತು."

4. ಸದರಿ ಕಿಶನನ ಗ್ಯಾರೇಜಿನ ಗೋಡೆಯ ಮೇಲೆ ತಮ್ಮ ಫೋಟೊ ಇದ್ದು, ಅದಕ್ಕೆ ದಿನವೂ ಹೊಸ ಹಾರ ಬೀಳುತ್ತದೆ. ತಮ್ಮ ಕಟ್ಟೆಯ ದೊಡ್ಡ ಗಂಟೆಯ ಮೇಲೂ ಅವನ ಗ್ಯಾರೇಜಿನ ಹೆಸರೇ ಕೆತ್ತಿದೆ. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿದೆಯೆಂದು ಅರ್ಜಿದಾರನು ಹೇಳುವುದಿಲ್ಲ. ತಮ್ಮ ಗಮನಕ್ಕಿರಲಿ, ಅಷ್ಟೇ.

5. ಅರ್ಜಿದಾರನ ಹೆಂಡತಿ ನೀತಾಳ ಅಭಿಪ್ರಾಯ. (ಅವಳ ಸೂಚನೆಯ ಮೇರೆಗೆ ಈ ಅಂಶವನ್ನು ಕೈಬಿಡಲಾಗಿದೆ.)

6. ಟರ್ಬೊ ಬದಲಾಯಿತು. ಅದರ ಖರ್ಚು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ನಿಜವಾದ ತೊಂದರೆ ಇಲ್ಲಿಂದ ಮುಂದೆ ಶುರುವಾಗುತ್ತದೆ.

ಅರ್ಜಿದಾರನ ತಾಯಿ, ಅಂದರೆ ಆಯಿ, ಕಣ್ಣಿನ ಪೊರೆಯಿಂದ ಬಳಲುತ್ತಿದ್ದಾಳೆ. ಕಾರವಾರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ರಿಪೇರಿಯಾದ ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟ ಅರ್ಜಿದಾರನು, ಕಿಶನನ ಮಾತಿನಂತೆ ತಮ್ಮ ಎದುರು ಇಂಜಿನ್ ಚಾಲೂ ಇಟ್ಟೇ ನಿಂತನು.

"ಬಂದ್ ಮಾಡು," ಅಂದಳು ಆಯಿ.

"ಎರಡು ನಿಮಿಷ, ಆಯಿ. ಟರ್ಬೊ ತಣ್ಣಗಾಗ್ಬೇಕು."

"ದೇವ್ರ ಎದ್ರು ನಿನ್ ಕಾರು ಬಾಯಿ ಮಾಡ್ತದೆ, ನೀ ನಂಗೆ ಟರ್ಬೊ ಕಥೆ ಹೇಳ್ತ್ಯಾ?"

ಇಷ್ಟು ಹೇಳಿ ಬಾಗಿಲು ತೆಗೆದು ಇಳಿದವಳು, ಆಗಲೇ ಎದುರಿನಿಂದ ಬಂದ ಅಂಕೋಲಾ ಬಸ್ಸಿನ ಸದ್ದು ಕೇಳಿ ಕೈಯೆತ್ತಿ, ಹತ್ತಿ ಮನೆಗೆ ಹೋದಳು. ಗುರುತು ಪರಿಚಯವಿಲ್ಲದ ಕಂಡಕ್ಟರು ಕೈ ಹಿಡಿದು ಹತ್ತಿಸಿಕೊಂಡನು. ಹೊಟ್ಟೆಯ ಮಗ ತಣ್ಣಗಾಗುತ್ತಿದ್ದ ಟರ್ಬೊವನ್ನು ಕಾಯುತ್ತಾ ಕುಳಿತಿದ್ದನು. ಆಸ್ಪತ್ರೆಯ ದಿನ ತಪ್ಪಿತು.

7. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ನಿಯಮದಡಿ ಅರ್ಜಿದಾರನು ಇನ್ನೊಂದು ಉಪಾಯ ಹೂಡಿದನು. ಎರಡನೇ ಬಾರಿ ದಿನ ಗೊತ್ತಾದಾಗ ನೆತ್ತಿಯ ತಿರುವಿನ ಕೆಳಗೇ ಕಾರು ನಿಲ್ಲಿಸಿ, ಎರಡು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ, ಹಿಂದಿನ ಸೀಟಿನಲ್ಲಿ ಆಯಿ ಇದ್ದಂತೆಯೇ ನೀತಾಳನ್ನು ಸ್ಟಿಯರಿಂಗಿಗೆ ಕೂರಿಸಿ, ಇದಕ್ಕೆಂದೇ ಕರೆತಂದಿದ್ದ ಗುರುಪ್ರಸಾದನ ಜೊತೆ ಸೇರಿ ಕಾರನ್ನು ತಳ್ಳಲು ಶುರುಮಾಡಿದನು. ಗುರುಪ್ರಸಾದನು ತಳ್ಳಿದ್ದಕ್ಕಿಂತ "ಐಸಾ" ಅಂದದ್ದೇ ಹೆಚ್ಚು. ಮೀನು ಟೆಂಪೊದವನೊಬ್ಬ ಪಾಪ ಎಂದು ಇಳಿದು ಕೈಹಾಕಿದನು. ಕಾರು ಸದ್ದಿಲ್ಲದೆ ತಮ್ಮ ಎದುರು ಬಂದು ನಿಂತಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ಬಗೆದದ್ದು ತಾವೋ ಆಯಿಯೋ, ಅರ್ಜಿದಾರನಿಗೆ ಸ್ಪಷ್ಟವಿಲ್ಲ.

"ನೀತಾ, ದೇವಿದಾಸ ಹಿಂದಿಂದ ಯಾಕೆ ಏದುಸಿರು ಬಿಡ್ತಾನೆ?" ಎಂದು ಕೇಳಿದಳು ಆಯಿ. ನೀತಾ ಸುಳ್ಳು ಹೇಳಲಾರದ ಹೆಂಗಸು. ಇದ್ದದ್ದು ಇದ್ದಹಾಗೆ ಹೇಳಿಬಿಟ್ಟಳು.

"ಓಹೋ. ದೇವ್ರಿಗೇ ಟೊಪ್ಪಿ ಹಾಕೂಕೆ ಬಂದ್ಯಾ? ತಿರುಗ್ಸು ಗಾಡಿ."

8. ಈ ಅಂಶವನ್ನು ಬರೆಯಲು ಅರ್ಜಿದಾರನಿಗೆ ನಾಚಿಕೆಯಾಗುತ್ತದೆ. ಆದರೂ ಅರ್ಜಿಯಲ್ಲಿ ಸತ್ಯಾಂಶ ಮರೆಮಾಚಬಾರದೆಂಬ ನಿಯಮವಿರುವುದರಿಂದ ಬರೆಯುತ್ತಾನೆ. ಬೆವರು ಸುರಿಯುತ್ತಿದ್ದ ಅವನು ನಡುರಸ್ತೆಯಲ್ಲಿ, ಮೀನು ಟೆಂಪೊದವನ ಎದುರು, ತಾಯಿಯ ಮೇಲೆ ಕಿರುಚಿದನು. "ಕಲ್ಲಿಗೆ ಕಿವಿ ಉಂಟಾ ಆಯಿ? ಇಂಜಿನ್ ಚಾಲೂ ಇದ್ರೆ ಅವಂಗೆ ಎಂತಾ ಕೇಳ್ತದೆ?"

ಆಯಿ ಸಿಟ್ಟು ಮಾಡಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

"ಅವಂಗೆ ಇಲ್ದಿದ್ರೆ ಬಿಡು. ನಂಗೆ ಉಂಟಲ್ಲ. ಅವ ನನ್ ಕಣ್ಣಿಗೆ ಕಾಣೂದು ಬಿಟ್ಟು ಎಷ್ಟೋ ದಿನ ಆಯ್ತು ತಮ್ಮಾ. ಗಾಡಿ ಬಂದಾದ್ರೆ ಗಂಟೆ ಗಾಳಿಗೆ ಅಲ್ಲಾಡೂದು ಕೇಳ್ತದೆ, ಮರದ ಎಲೆ ಕೇಳ್ತದೆ. ಹಾಂ, ಇಲ್ಲೇ ಇದ್ದಾನೆ ಅಂತ ಕೈ ಮುಗೀತೆ. ನಿನ್ ಇಂಜಿನ್ ಸದ್ದಲ್ಲಿ ನಾ ಅವ್ನ ಎಲ್ಲಿ ಅಂತ ಹುಡ್ಕೂದು?"

ಒಂದು ಕಣ್ಣಾದರೂ ಚೆನ್ನಾಗಿದೆಯೆಂದು ಮನೆಯವರೆಲ್ಲ ನಂಬಿದ್ದರು. ಅವಳೇ ನಂಬಿಸಿದ್ದಳು. ಅನ್ನದ ತಟ್ಟೆ, ಬಾಗಿಲು, ಮೊಮ್ಮಗಳು ನಿಶಾಳ ಮುಖ, ಎಲ್ಲವನ್ನೂ ಕೈಯಿಂದ ಮುಟ್ಟಿ ಮುಟ್ಟಿ ಕಂಡವಳಂತೆ ನಟಿಸಿದ್ದಳು. ತಾಯಿಗೆ ಕಣ್ಣು ಕಾಣದ್ದು ಮಗನ ಕಣ್ಣಿಗೆ ಕಾಣಲಿಲ್ಲ. ಅರ್ಜಿದಾರನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತನು. ಮೀನು ಟೆಂಪೊದವನು, ಕಾರು ರಿಪೇರಿಯಾಗುತ್ತದೆ, ಅಳಬೇಡಿ ಎಂದು ಸಮಾಧಾನ ಮಾಡಿ ಹೋದನು.

9. ಆಮೇಲೆ ಅರ್ಜಿದಾರನು ಮೊದಲ ಬಾರಿಗೆ ಸಾವಕಾಶವಾಗಿ ವಿಷಯ ಬಿಡಿಸಿ ಹೇಳಿದನು. ಇಂಜಿನ್ ಎರಡೇ ನಿಮಿಷ ಚಾಲೂ ಇರುತ್ತದೆ, ಆಮೇಲೆ ಪೂರ್ತಿ ಬಂದ್, ಎಷ್ಟು ಹೊತ್ತು ಬೇಕಾದರೂ ಕೂತು ಗಂಟೆ ಕೇಳಬಹುದು ಎಂದು.

"ಎರಡೇ ನಿಮಿಷವಾ? ಅಷ್ಟು ನಾ ಕಾಯ್ತೆ. ಆದ್ರೆ ಅವನ ಜಾಗದಲ್ಲಿ ಅವನ ಕೇಳದೆ ಮಾಡೂದು ಬೇಡ. ಅರ್ಜಿ ಬರಿ."

"ದೇವ್ರಿಗೆ ಅರ್ಜಿಯಾ?"

"ಮತ್ತೆ? ಊರವ್ರಿಗೆಲ್ಲ ಅರ್ಜಿ ಬರ್ಕಂಡು ಬನ್ನಿ, ಅರ್ಜಿ ಬರ್ಕಂಡು ಬನ್ನಿ ಅಂತ ಕಚೇರೀಲಿ ತಿರುಗಿಸ್ತ್ಯಲ್ಲ. ಈಗ ನೀನೂ ಒಂದು ಬರಿ. ಬರ್ದು ಅವ್ನ ಎದ್ರು ಗಟ್ಟಿಯಾಗಿ ಓದು, ನಾನೂ ಕೇಳ್ತೆ. ಅದಾದ ಮೇಲೆ ಆಸ್ಪತ್ರೆಗೆ ಬತ್ತೆ."

ಬೇರೆ ದೇವರಾದರೆ ಪೂಜಾರಿಯ ಮೂಲಕ ಹೂವಿನ ಪ್ರಸಾದ ಕೇಳಿ, ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ ಎಂದುಕೊಳ್ಳಬಹುದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ತಮ್ಮ ಕಟ್ಟೆಗೆ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿ ಪೂಜಾರಿಯ ಹುದ್ದೆ ಮೊದಲಿನಿಂದಲೂ ಖಾಲಿ ಇದೆ. ಕಾರಣ, ಬೇರೆ ದಾರಿಯಿಲ್ಲದೆ, ಕಾಗದದ ಮೂಲಕವೇ ಬರಬೇಕಾಯಿತು.

ಆದ್ದರಿಂದ, ಮೂರನೇ ಬಾರಿಗೆ ಆಸ್ಪತ್ರೆಯ ದಿನ ಗೊತ್ತಾಗಿರುವ ಕಾರಣ, ಇನ್ನು ತಡವಾದರೆ ಕಷ್ಟವೆಂದು ವೈದ್ಯರು ತಿಳಿಸಿರುವ ಕಾರಣ, ಹಾಗೂ ಅರ್ಜಿದಾರನ ತಲೆಯೂ ಟರ್ಬೊದಷ್ಟೇ ಕಾದಿರುವ ಕಾರಣ, ಮೇಲ್ಕಂಡ ಎರಡು ನಿಮಿಷವನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ. ಈ ಅರ್ಜಿ ಓದಿ ಮುಗಿಸಿದ ಮೇಲೆ ಗಂಟೆ ಅಲ್ಲಾಡಿದರೆ ಮಂಜೂರಾಗಿದೆಯೆಂದು ತಿಳಿಯಲಾಗುವುದು. ಅಲ್ಲಾಡದಿದ್ದರೆ ತಮ್ಮ ಆಕ್ಷೇಪಣೆ ಏನೂ ಇಲ್ಲವೆಂದು ಭಾವಿಸಿ, ಆಗಲೂ ಮಂಜೂರಾಗಿದೆಯೆಂದೇ ತಿಳಿಯಲಾಗುವುದು. ಅರ್ಜಿದಾರನ ಕಚೇರಿಯಲ್ಲಿ ಈ ಸೌಲಭ್ಯ ಯಾರಿಗೂ ಕೊಟ್ಟಿರುವುದಿಲ್ಲ.

ದಿನವೂ ತಮ್ಮ ಎದುರು ನಿಂತು ಹೋಗುವ,
ತಮ್ಮ ವಿಶ್ವಾಸಿ,
ದೇವಿದಾಸ ನಾಯ್ಕ

ಲಗತ್ತುಗಳು:
1. ಕೆಟ್ಟ ಟರ್ಬೊದ ಚಕ್ರ, ಪೇಪರಿನಲ್ಲಿ ಸುತ್ತಿದ್ದು. (ಪರಿಶೀಲಿಸಿ ಹಿಂದಿರುಗಿಸುವ ಅಗತ್ಯವಿಲ್ಲ.)
2. ವೈದ್ಯರ ಚೀಟಿಯ ನಕಲು.
3. ತೆಂಗಿನಕಾಯಿ ಒಂದು. (ಆಯಿ ಅಲ್ಲಾಡಿಸಿ ನೀರಿದೆಯೆಂದು ದೃಢೀಕರಿಸಿರುತ್ತಾಳೆ.)

ವಿ.ಸೂ.: ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ತಮ್ಮನ್ನೇ ನೋಡುವುದಾಗಿ, ಕಾರವಾರದಿಂದ ಏರಿನ ನೆತ್ತಿಯವರೆಗೆ ಕಣ್ಣು ಮುಚ್ಚಿಕೊಂಡೇ ಬರುವುದಾಗಿ ಆಯಿ ತಿಳಿಸಿರುತ್ತಾಳೆ. ಕಾರಣ, ಸದರಿ ದಿನ ತಾವು ರಜೆ, ಪ್ರವಾಸ, ಸಭೆ ಯಾವುದನ್ನೂ ಇಟ್ಟುಕೊಳ್ಳದೆ ಸ್ವಸ್ಥಾನದಲ್ಲಿ ಖುದ್ದು ಹಾಜರಿರಬೇಕಾಗಿ ವಿನಂತಿ.