ಒಗ್ಗರಣೆಗೆ ಬಿದ್ದ ಐಸಿ

ಆ ದಿನ ಬೆಳಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಉಪ್ಪಿಟ್ಟಿಗೆ ಎಣ್ಣೆ ಇಟ್ಟೆ. ಡಬ್ಬಿಯಿಂದ ಚಿಟಿಕೆ ಸಾಸಿವೆ ತೆಗೆದು ಬಾಣಲೆಗೆ ಹಾಕಿದೆ. ಎಲ್ಲವೂ ಚಟಪಟ ಅಂದವು, ಒಂದನ್ನು ಬಿಟ್ಟು. ಬಗ್ಗಿ ನೋಡಿದರೆ ಆ ಸಾಸಿವೆಗೆ ಆರು ಕಾಲು!

ಹುಳು ಎಂದು ಕಿರುಚುವವರು ಬೇರೆ ಮನೆಯವರು. ನಾನು ಕಿರುಚಿದ್ದು, "ಚಿಕ್ಕಮಾವಾ!"

ಸೊಸೆಯ ಸಾಸಿವೆ ಡಬ್ಬಿಯನ್ನು ತಿಜೋರಿ ಮಾಡಿಕೊಂಡ ಮಾವ ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು. ನನ್ನ ಗಂಡನ ಚಿಕ್ಕಪ್ಪ. ತಿ. ನರಸೀಪುರದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವರು. ಹೋದ ವರ್ಷ ಚಿಕ್ಕತ್ತೆಗೆ ಲಕ್ವ ಹೊಡೆದು ಮಾತು ನಿಂತಾಗ, ಅಂಗಡಿ ಮುಚ್ಚಿ ಇಬ್ಬರೂ ನಂಜನಗೂಡಿನ ನಮ್ಮ ಮನೆಗೆ ಬಂದರು. ಚಿಕ್ಕತ್ತೆಗೆ ಈಗ ಸರಿಯಾಗಿ ಆಡುವುದು ಎಡಗೈಯ ತೋರುಬೆರಳೊಂದೇ. "ಕರೆಯೋಕೆ ಬೆರಳೊಂದು ಸಾಕು ಕಣಮ್ಮಾ" ಎಂದು ಮಾವ, ಗುಂಡಿ ಒತ್ತಿದರೆ ಮಾತಾಡುವ ಯಂತ್ರ ಕಟ್ಟತೊಡಗಿದರು.

ಆ ಯಂತ್ರದ ಮೇಜಿಗೆ ಇರುವ ಮಡಿ ಯಾವ ದೇವರ ಮನೆಗೂ ಇಲ್ಲ! ನೈಲಾನ್ ಸೀರೆ ಉಟ್ಟವರು ಹತ್ತಿರ ಸುಳಿಯಬಾರದು. ಉಳಿದವರು ಮೊದಲು ಅಂಗಳದ ಬೋರ್‌ವೆಲ್ಲಿನ ಕಬ್ಬಿಣದ ಪೈಪು ಮುಟ್ಟಿ ಬರಬೇಕು. ಮೈಮೇಲಿನ ಚೂರು ಕರೆಂಟೂ ಐಸಿಗಳನ್ನು, ಅಂದರೆ ಸಾಸಿವೆಯಷ್ಟೇ ಇರುವ ಚಿಪ್‌ಗಳನ್ನು, ಸುಟ್ಟುಬಿಡುತ್ತದಂತೆ. ಪಕ್ಕದ ಮನೆ ಪುಟ್ಟತಾಯಮ್ಮನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಪೈಪು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಾರನೆಯ ದಿನ ಪೈಪಿನ ಮೇಲೆ ಎರಡು ಸೇವಂತಿಗೆ!

ಡಬ್ಬಿಯ ಕಥೆಯೂ ಅದೇ. ಪ್ಲಾಸ್ಟಿಕ್ಕಾದರೆ ಅಪಾಯ, ಸ್ಟೀಲೇ ಆಗಬೇಕು.

"ಆದರೆ ಸಾಸಿವೆ ಡಬ್ಬಿಯೇ ಯಾಕೆ ಮಾವ?"

"ಖಾಲಿ ಇತ್ತಲ್ಲಮ್ಮಾ."

"ಅರ್ಧ ಖಾಲಿ ಇತ್ತು!"

"ಆ ಅರ್ಧದಲ್ಲೇ ಇಟ್ಟಿದ್ದೆ."

ಡಬ್ಬಿಯಲ್ಲಿದ್ದದ್ದು ಎರಡೇ ಐಸಿ. ಉಳಿದವೆಲ್ಲ ಹಿಂದಿನ ಪ್ರಯತ್ನಗಳಲ್ಲಿ ಸುಟ್ಟುಹೋಗಿದ್ದವು. ಒಂದು, ಚಿಕ್ಕತ್ತೆ ಎರಡು ಗುಂಡಿಗಳಲ್ಲಿ ಯಾವುದನ್ನು ಒತ್ತಿದರೋ ಆ ಧ್ವನಿಯನ್ನಷ್ಟೇ ಆರಿಸಿ ಕಳಿಸುವುದು. ಇನ್ನೊಂದರ ಕೆಲಸವನ್ನು ಮಾವ ಹೀಗೆ ವಿವರಿಸಿದ್ದರು: "ಗುಂಡಿ ಹತ್ರ ಇರೋದು ಎರಡು ವೋಲ್ಟೂ ಇಲ್ಲ. ಮಾತಾಡೋ ಬೋರ್ಡು ಐದು ವೋಲ್ಟಿನದು. ಇದರ ಪಿಸುಮಾತು ಅದಕ್ಕೆ ಕೇಳ್ಸಲ್ಲ. ಮಧ್ಯ ಕೂತು ಇದು ಗಟ್ಟಿಯಾಗಿ ಹೇಳ್ತದೆ." ನಮ್ಮ ಕಾನ್ವೆಂಟಿನ ಕ್ಲಾಸ್ ಲೀಡರ್ ನೆನಪಾದಳು. ನಮ್ಮ ಪಿಸುಮಾತನ್ನೆಲ್ಲ ಸಿಸ್ಟರ್‌ಗೆ ಗಟ್ಟಿಯಾಗಿ ಮುಟ್ಟಿಸುತ್ತಿದ್ದವಳು! ಆದರೆ ಈ ಐಸಿ ತಿನ್ನುವ ಕರೆಂಟು ಎಷ್ಟು ಕಡಿಮೆಯೆಂದರೆ, ಸೆಲ್ ಹಾಕಿದ್ದೇ ಮರೆತುಹೋಗಬೇಕಂತೆ.

ಬಾಣಲೆಗೆ ಬಿದ್ದದ್ದು ಆ ಲೀಡರೇ.

ನನಗೆ ಅಳು ಬಂತು. ಇನ್ನೊಂದು ತರಿಸಬೇಕೆಂದರೆ ವಾರಗಟ್ಟಲೆ ಕಾಯಬೇಕು. ಒಳಕೋಣೆಯಲ್ಲಿ ಚಿಕ್ಕತ್ತೆ ಇನ್ನೂ ಎಷ್ಟು ದಿನ ಮಂಚ ಕೆರೆದು ಕರೆಯಬೇಕು? ಮಾವ ಚಿಮುಟದಿಂದ ಐಸಿಯನ್ನು ಎತ್ತಿ, ಪಂಚೆಯಲ್ಲಿ ಒರೆಸಿ, ಭೂತಗನ್ನಡಿ ಹಿಡಿದರು. "ಬೆಸುಗೆ ಬಿಸಿ ತಡ್ಕೊಳ್ಳೋ ಜೀವ ಕಣಮ್ಮಾ ಇದು. ನಿನ್ನ ಒಗ್ಗರಣೆಗೆಲ್ಲ ಜಗ್ಗಲ್ಲ." ಬಾಯಲ್ಲಿ ಧೈರ್ಯವೇನೋ ಇತ್ತು, ಆರು ಕಾಲನ್ನು ಮಾತ್ರ ಮೂರು ಸಲ ಎಣಿಸಿದರು.

ಮಧ್ಯಾಹ್ನ ಅದನ್ನೇ ಬೆಸೆದು, ಯಂತ್ರವನ್ನು ಚಿಕ್ಕತ್ತೆಯ ಬೆರಳ ಕೆಳಗಿಟ್ಟರು. ಅವರು ಮೊದಲ ಗುಂಡಿ ಒತ್ತಿದರು.

"ಬರ್ತಾ ನೀರಿನ ಕ್ಯಾನ್ ತನ್ರೀ!"

ಚಿಕ್ಕತ್ತೆಯದೇ ದನಿ! ಮಾವ ಅಂಗಡಿಯಲ್ಲಿದ್ದಾಗ ಅವರ ಮೊಬೈಲಿಗೆ ಚಿಕ್ಕತ್ತೆ ಕಳಿಸುತ್ತಿದ್ದ ಮಾತುಗಳನ್ನು ಈ ಮನುಷ್ಯ ಒಂದನ್ನೂ ಅಳಿಸಿರಲಿಲ್ಲ. ನೀರು ತಂದುಕೊಟ್ಟೆ. ಕುಡಿದು, ಎರಡನೆಯ ಗುಂಡಿ ಒತ್ತಿದರು.

"ರೀ, ಸಾಕು ಆ ಕಸ ಕೆದಕಿದ್ದು, ಉಣ್ಣಕ್ಕೆ ಬನ್ನಿ!"

ಎದುರೇ ನಿಂತಿದ್ದ ಮಾವ "ಬಂದೆ ಕಣೇ" ಎಂದರು. ಚಿಕ್ಕತ್ತೆಯ ಅರ್ಧ ತುಟಿ ನಕ್ಕಿತು. ಮತ್ತೆ ಒತ್ತಿದರು. "ಬಂದೆ ಕಣೇ." ಮತ್ತೆ. ಮಾವ ಕನ್ನಡಕ ತೆಗೆದು ಒರೆಸಿದರು, ಆದರೆ ಉತ್ತರ ಮಾತ್ರ ತಪ್ಪಿಸಲಿಲ್ಲ.

ಸಂಜೆ ಹೂ ಕೀಳುತ್ತಿದ್ದಾಗ ಕಾಂಪೌಂಡಿನಾಚೆಯಿಂದ ಪುಟ್ಟತಾಯಮ್ಮ ಕೂಗಿದರು: "ಏನ್ರವ್ವಾ, ನಿಮ್ ಚಿಕ್ಕತ್ತೆಗೆ ಮಾತೇ ಬರಲ್ಲ ಅಂದಿದ್ರಿ? ಮದ್ಯಾನದಿಂದ ಆ ಯಪ್ಪನ್ನ ಒಂದೇ ಸಮ್ನೆ ಬೈತಾವ್ರೆ! ಬುಡಿ, ಗಂಡನ್ನ ಬೈಯೋವಷ್ಟು ಉಸಾರಾದ್ರು ಅಂದ್ರೆ ಇನ್ನೇನು, ನಾಳೆ ಎದ್ದು ಓಡಾಡ್ತಾರೆ."