ಬಕೆಟ್ ಕೂಟಕ್ಕೆ ನಲವತ್ತು ತಲೆ

ನೈರಿ: ನೂರ ಹನ್ನೆರಡು, ಡುಗಾಲ್. ನೂರ ಹನ್ನೆರಡು ಜನ ನೋಂದಾಯಿಸಿದಾರೆ. ನೀನ್ಯಾಕೆ ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡ್ಕೊಂಡು ಕೂತಿದ್ದೀಯ?

ಡುಗಾಲ್: ನೂರ ಹನ್ನೆರಡು ಅಂತ ನಾನೂ ಓದಿದೆ. ಜನ ಅಂತ ಎಲ್ಲೂ ಬರೆದಿಲ್ಲ.

ನೈರಿ: ಜನ ಅಲ್ಲದೆ ಕುರಿ ಬಂದು ಫಾರ್ಮ್ ತುಂಬ್ತಾವಾ?

ಡುಗಾಲ್: ಒಂದು ಕುರಿ ತುಂಬಿದೆ. ಎಂಬತ್ತೆಂಟನೇದು. ಊಟಕ್ಕೆ ಏನು ಬೇಕು ಅನ್ನೋ ಕಡೆ ‘ಹುಲ್ಲು, ಸಾಸ್ ಬೇಡ’ ಅಂತಿದೆ.

ನೈರಿ ಸ್ಕೋನ್ ಎಂಬ ಪುಟ್ಟ ಬನ್ನಿಗೆ ಬೆಣ್ಣೆ ಸವರುತ್ತಿದ್ದ ಚಾಕುವನ್ನು ಕೆಳಗಿಟ್ಟಳು. ಆ ಸ್ಕೋನ್ ನನಗೆಂದು ಸವರುತ್ತಿದ್ದದ್ದು, ಹಾಗಾಗಿ ನನಗೂ ವಿಷಯ ಗಂಭೀರ ಅನ್ನಿಸಿತು. ಪಕ್ಕದ ಮನೆಯವನಾದ ನನಗೆ ಅವಳ ಅಡುಗೆಮನೆಯಲ್ಲಿ ಗುರುವಾರದ ಸ್ಕೋನ್ ಇಪ್ಪತ್ತು ವರ್ಷದ ಹಕ್ಕು.

ನೈರಿ ಟಾಲ್ಮಿ ನಮ್ಮ ಓಮಾರು ಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ಡುಗಾಲ್ ಪ್ಲಂಬರ್. ಇಬ್ಬರನ್ನೂ ಕಟ್ಟಿಹಾಕಿದ್ದು ಬಕೆಟ್. ಹಿತ್ತಲಲ್ಲಿ ಮಳೆಮಾಪಕ ಇಟ್ಟುಕೊಂಡವರು ದಿನದ ಮಳೆಯನ್ನು ಬರೆದಿಡುವ ಮುಕ್ತ ತಂತ್ರಾಂಶ ಅದು. ಯಾರೊಬ್ಬರ ಸ್ವತ್ತೂ ಅಲ್ಲ, ಒಳಗಿನ ಕೋಡ್ ಎಲ್ಲರ ಮುಂದೆ ತೆರೆದಿರುತ್ತದೆ, ಬೇಕಾದವರು ತಿದ್ದಬಹುದು. ಹೀಗೆ ದೇಶದ ಮೂಲೆಮೂಲೆಯಲ್ಲಿ ಒಂಟಿಯಾಗಿ ಕೂತು ತಿದ್ದುವವರು ವರ್ಷಕ್ಕೊಂದು ಶನಿವಾರ ಒಂದೇ ಮೇಜಿಗೆ ಬಂದು ತಿದ್ದಲಿ ಎಂದು ನೈರಿ ಹೂಡಿದ್ದೇ ಬಕೆಟ್ ಕೂಟ.

ಈ ಸಲ ಅವಳು ಕೇಳಿದ ಶನಿವಾರವನ್ನೇ ಡೇಲಿಯಾ ಹೂವಿನ ಸಂಘದವರೂ ಕೇಳಿದ್ದರು. ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟದ ಕ್ಲಬ್ಬಿನ ಹಾಲ್ ಇರುವುದು ಒಂದೇ. ಕ್ಲಬ್ಬಿನ ಕಾರ್ಯದರ್ಶಿ ಐಲ್ಸಾ ಹೇಳಿ ಹೋಗಿದ್ದರು: ಇವತ್ತು ಐದು ಗಂಟೆಗೆ ಬರುತ್ತೇನೆ, ನಲವತ್ತು ಹೆಸರಿನ ಪಟ್ಟಿ ಕೊಟ್ಟರೆ ಹಾಲ್ ನಿಮ್ಮದು, ಒಂದು ಹೆಸರು ಕಡಿಮೆ ಇದ್ದರೂ ಇಲ್ಲ. ಡೇಲಿಯಾ ಸಂಘದ ಅಧ್ಯಕ್ಷೆಯೂ ಇದೇ ಐಲ್ಸಾ ಎಂಬುದು ನೈರಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಈಗ ಗಂಟೆ ಮೂರೂಕಾಲು.

ನೈರಿ: ಸರಿ, ಒಂದು ಕುರಿ ಬಿಟ್ಟಾಕು. ನೂರ ಹನ್ನೊಂದು.

ಡುಗಾಲ್: ನೈರಿ, ಹೋದ ವಾರ ನಾನು ಎಲ್ಲರಿಗೂ ಒಂದು ಪತ್ರ ಹಾಕಿದ್ದೆ. ‘ನೋಂದಣಿ ಫಾರ್ಮ್ ಸಿದ್ಧವಾಗಿದೆ, ಕೆಡಿಸೋಕಾಗುತ್ತಾ ನೋಡಿ’ ಅಂತ.

ನೈರಿ: ಹಾಕ್ಲೇಬೇಕಲ್ಲ. ಪರೀಕ್ಷೆ ಮಾಡದೆ ಬಿಡೋಕಾಗುತ್ತಾ?

ಡುಗಾಲ್: ಪರೀಕ್ಷೆ ಮಾಡಿದಾರೆ. ಮನಸಾರೆ ಮಾಡಿದಾರೆ. ನಾಲ್ಕು ವರ್ಷದಲ್ಲಿ ನಮ್ಮ ಜನ ಇಷ್ಟು ಉತ್ಸಾಹದಿಂದ ಯಾವ ಕೆಲಸಾನೂ ಮಾಡಿರ್ಲಿಲ್ಲ.

ನೈರಿ: ಅಂದ್ರೆ ಇದೆಲ್ಲಾ...

ಡುಗಾಲ್: ಒಬ್ಬ ಹೆಸರಿನ ಜಾಗದಲ್ಲಿ ಕ್ಯಾರೆಟ್ ಕೇಕ್ ಮಾಡೋ ವಿಧಾನ ಪೂರ್ತಿ ಬರೆದಿದಾನೆ. ಇನ್ನೊಬ್ಬ ‘ನಿಮ್ಮ ಜೊತೆ ಎಷ್ಟು ಜನ ಬರ್ತಾರೆ’ ಅನ್ನೋದಕ್ಕೆ ಮೈನಸ್ ಮೂರು ಅಂತ ಹಾಕಿದಾನೆ.

ನೈರಿ: ಮೈನಸ್ ಮೂರು ಜನರನ್ನ ಹೇಗೋ ಕರ್ಕೊಂಡು ಬರೋದು?

ಡುಗಾಲ್: ಇವನು ಒಳಗೆ ಬಂದ ತಕ್ಷಣ ಮೂರು ಜನ ಎದ್ದು ಹೋಗ್ತಾರೆ ಅಂತ ಕಾಣುತ್ತೆ.

ನೈರಿ: ಹಾಗಿದ್ರೆ ಅದು ನಿಜವಾದ್ದೇ. ಇನ್ವರ್‌ಕಾರ್ಗಿಲ್‌ನ ಕೀತ್ ಇರ್ಬೇಕು. ಹೋದ ಸಲ ಅವನು ಮೋಡದ ಬಗ್ಗೆ ಭಾಷಣ ಶುರು ಮಾಡಿದಾಗ ಮೂರೇ ಜನ ಎದ್ದು ಹೋಗಿದ್ದು.

ಡುಗಾಲ್ ಕೀತ್‌ನನ್ನು ನಿಜದ ಪಟ್ಟಿಗೆ ಸೇರಿಸಿದ. ನಾನು ಚಾಕು ಎಳೆದುಕೊಂಡು ಬೆಣ್ಣೆ ಸವರುವುದನ್ನು ನಾನೇ ಮುಂದುವರಿಸಿದೆ.

ನೈರಿ: ಪರೀಕ್ಷೆಗೆ ಅಂತ ತುಂಬಿದ್ದಕ್ಕೆ ಒಂದು ಗುರುತು ಹಾಕೋ ಹಾಗೆ ಮಾಡ್ಬಾರದಿತ್ತಾ?

ಡುಗಾಲ್: ಹಾಗಂತ ಒಬ್ಬರು ಸಲಹೆ ಕೊಟ್ಟಿದಾರೆ. ನಿನ್ನೆ ಬಂತು. ಒಟ್ಟು ಮೂವತ್ತೊಂದು ಸಲಹೆ ಬಂದಿವೆ. ಫಾರ್ಮಿನ ನೀಲಿ ಬಣ್ಣದ ಬಗ್ಗೆನೇ ಹದಿನೇಳು.

ನೈರಿ: ಬಣ್ಣಕ್ಕೆ ಬೆಂಕಿ ಹಾಕು. ನೀನೀಗ ಸುಳ್ಳು ಹೆಸರೆಲ್ಲಾ ಅಳಿಸು, ನಿಜದ್ದು ಎಷ್ಟು ಉಳಿಯುತ್ತೆ ನೋಡೋಣ.

ಡುಗಾಲ್: ಹಾಗೆ ಅಳಿಸೋ ಹಾಗಿಲ್ಲ. ಬಕೆಟ್‌ನಲ್ಲಿ ಬೇರೆಯವರು ಬರೆದ ಸಾಲು ಅಳಿಸಬೇಕಾದ್ರೆ ಎಲ್ಲರಿಗೂ ತಿಳಿಸಿ, ಮೂರು ದಿನ ಕಾದು, ಯಾರದೂ ಆಕ್ಷೇಪ ಇಲ್ಲ ಅಂತಾದ್ಮೇಲೆ ಅಳಿಸಬೇಕು. ನಿಯಮ.

ನೈರಿ: ಯಾವ ದಡ್ಡಶಿಖಾಮಣಿ ಮಾಡಿದ ನಿಯಮ ಅದು?

ಡುಗಾಲ್: ನೀನು. ಎರಡು ವರ್ಷದ ಹಿಂದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು.

ನೈರಿ: ಅದು ಕೋಡಿಗೆ ಮಾರಾಯ, ಕುರಿಗಲ್ಲ. ಅಳಿಸಬೇಡ ಬಿಡು. ಒಂದು ಕಾಗದ ತಗೋ, ನಿಜದವರನ್ನ ಬೇರೆ ಬರ್ಕೋತಾ ಹೋಗು. ಇದಕ್ಕೂ ಮೂರು ದಿನ ಬೇಕಾ?

ಡುಗಾಲ್: ಕಾಗದಕ್ಕೆ ನಿಯಮ ಇಲ್ಲ.

ನೈರಿ: ಒಂದನೇದು?

ಡುಗಾಲ್: ಕಪ್ಪೆ.

ನೈರಿ: ಹೊಡೆದಾಕು.

ಡುಗಾಲ್: ಹೊಡೆದಾಕೋದಾ? ಕಪ್ಪೆ ಇಲ್ಲದಿದ್ರೆ ಬಕೆಟ್ ಎರಡು ದಿನ ಓಡಲ್ಲ. ಹೋದ ಚಳಿಗಾಲದಲ್ಲಿ ಇಡೀ ತಂತ್ರಾಂಶ ಮಕಾಡೆ ಮಲಗಿದಾಗ ಎಬ್ಬಿಸಿದ್ದು ಯಾರು ಅನ್ಕೊಂಡೆ?

ನೈರಿ: ಅವರ ನಿಜವಾದ ಹೆಸರೇನು?

ಡುಗಾಲ್: ಕೇಳೋದು ಮರ್ಯಾದೆ ಅಲ್ಲ ಅಂತ ನಾನು ಯಾವತ್ತೂ ಕೇಳಿಲ್ಲ. ಫೋನ್ ನಂಬರ್ ಇದೆ.

ನೈರಿ: ಕೊಡು ಇಲ್ಲಿ.

ಅವಳು ಫೋನ್ ಮಾಡಿದಳು. ಒಂದು ಕ್ಷಣ ಕಳೆದು ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

ನೈರಿ: ನಮಸ್ಕಾರ, ನಾನು ಬಕೆಟ್ ಕೂಟದಿಂದ. ಕಪ್ಪೆ ಇದಾರಾ? ಓ, ನೀವೇನಾ. ಕ್ಷಮಿಸಿ, ಒಂದು ಪ್ರಶ್ನೆ ಕೇಳ್ಬೇಕಿತ್ತು. ನೀವು ನಿಜಾನಾ? ಹೌದಾ. ಸಂತೋಷ. ಇಲ್ಲ ಇಲ್ಲ, ಅನುಮಾನ ಅಂತಲ್ಲ. ಆಯ್ತು ಡಾಕ್ಟರ್. ಹ್ಞಾಂ, ದಿನಾ ಎರಡು ಸಲ ಉಜ್ಜುತ್ತಾ ಇದೀನಿ.

ಡುಗಾಲ್: ಯಾರು?

ನೈರಿ: ನನ್ನ ಹಲ್ಲಿನ ಡಾಕ್ಟರ್. ಹದಿನೈದು ವರ್ಷದಿಂದ ನನ್ನ ಬಾಯೊಳಗೆ ಕೈ ಹಾಕ್ತಾ ಇದಾರೆ, ಒಂದು ಮಾತು ಹೇಳಿಲ್ಲ. ಇನ್ಮೇಲೆ ಯಾರಿಗೂ ಫೋನ್ ಮಾಡಲ್ಲಪ್ಪ. ಕಪ್ಪೆ ನಿಜ, ಬರ್ಕೋ.

ಮುಂದಿನ ಒಂದು ಗಂಟೆ, ಫೋನ್ ಬಿಟ್ಟು, ಡುಗಾಲ್‌ಗೆ ಬಕೆಟ್‌ನ ಕೆಲಸದಿಂದ ಗುರುತಿದ್ದ ಹೆಸರುಗಳನ್ನು ಹೆಕ್ಕುವುದು ನಡೆಯಿತು. ‘ತುಕ್ಕು ಹಿಡಿದ ನಲ್ಲಿ’ ನಿಜ, ‘ಒದ್ದೆ ಕಾಲ್ಚೀಲ’ ನಿಜ, ‘ಸೊನ್ನೆ ಮಿಲಿಮೀಟರ್’ ನಿಜವಷ್ಟೇ ಅಲ್ಲ, ಸಸ್ಯಾಹಾರಿ ಕೂಡ. ಆದರೆ ಸೊಗಸಾದ ಹೆಸರು, ಊರು, ಅಂಚೆ ಸಂಖ್ಯೆ ಎಲ್ಲ ಒಪ್ಪವಾಗಿ ಬರೆದಿದ್ದವರನ್ನೆಲ್ಲ ಡುಗಾಲ್ ನಿರ್ದಾಕ್ಷಿಣ್ಯವಾಗಿ ಬಿಟ್ಟುಬಿಟ್ಟ.

ನೈರಿ: ತಡಿ, ತಡಿ. ಎಪ್ಪತ್ತೊಂದನೇದನ್ನ ಯಾಕೆ ಬಿಟ್ಟೆ? ಮಾರ್ಗರೆಟ್ ವಿಲ್ಸನ್. ಎಷ್ಟು ಲಕ್ಷಣವಾಗಿದೆ.

ಡುಗಾಲ್: ಅದಕ್ಕೇ ಬಿಟ್ಟಿದ್ದು. ಅದರ ಕೆಳಗಿರೋರನ್ನ ಓದು. ಮೇರಿ ಸ್ಮಿತ್, ಜೋನ್ ಬ್ರೌನ್, ಆನ್ ಜೋನ್ಸ್. ತಲೆ ಓಡದಿದ್ದಾಗ ಬರೆಯೋ ಹೆಸರು ಇವು. ನಾಲ್ಕೂ ಒಂದೇ ಕಂಪ್ಯೂಟರಿಂದ, ಹನ್ನೆರಡು ನಿಮಿಷದೊಳಗೆ ಬಂದಿವೆ. ಮಳೆಮಾಪಕ ಎಲ್ಲಿಟ್ಟಿದೀರಿ ಅಂದ್ರೆ ನಾಲ್ಕೂ ಜನ ‘ಹೂವಿನ ಪಾತಿ ಪಕ್ಕ’. ಯಾವನೋ ಸೋಮಾರಿ ಒಂದನ್ನ ಬರೆದು ನಾಲ್ಕು ಸಲ ಒತ್ತಿದಾನೆ.

ನೈರಿ: ನಿಜದವರಿಗೆ ಸುಳ್ಳು ಹೆಸರು, ಸುಳ್ಳು ಜನಕ್ಕೆ ನಿಜದ ಹೆಸರು. ಇದೆಂಥಾ ಸಮುದಾಯ ಕಟ್ಟಿದೀವಿ ನಾವು?

ಡುಗಾಲ್: ತುಂಬಾ ಚೆನ್ನಾಗಿರೋದು. ಒಟ್ಟು ಮೂವತ್ತೇಳು.

ಗಂಟೆ ಐದಕ್ಕೆ ಹತ್ತು ನಿಮಿಷ.

ನೈರಿ: ಇನ್ನೊಂದು ಸಲ ಎಣಿಸು.

ಡುಗಾಲ್: ನಾಲ್ಕು ಸಲ ಎಣಿಸಿದೆ. ನಿನ್ನನ್ನೂ ಸೇರಿಸಿ, ನನ್ನನ್ನೂ ಸೇರಿಸಿ.

ನೈರಿ: ಇವನನ್ನ?

ಡುಗಾಲ್: ಇವನನ್ನೂ ಸೇರಿಸಿದೆ.

ನನ್ನ ಹಿತ್ತಲಲ್ಲಿ ಮಳೆಮಾಪಕ ಇಲ್ಲ ಎಂದು ಹೇಳಬೇಕೆಂದಿದ್ದೆ. ಬಾಯಲ್ಲಿ ಸ್ಕೋನ್ ಇತ್ತು.

ನೈರಿ: ಮೂರೇ ಮೂರು ತಲೆ. ಮಾರ್ಗರೆಟ್ ವಿಲ್ಸನ್, ಮೇರಿ ಸ್ಮಿತ್, ಜೋನ್ ಬ್ರೌನ್. ಈ ಮೂವರನ್ನ ಬರೆದ್ರೆ ಐಲ್ಸಾಗೆ ಹೇಗೆ ಗೊತ್ತಾಗುತ್ತೆ?

ಡುಗಾಲ್: ಗೊತ್ತಾಗಲ್ಲ.

ನೈರಿ: ಮತ್ತೆ ಬರಿ.

ಡುಗಾಲ್: ಪೆನ್ನು ಅಲ್ಲಿದೆ, ನೀನೇ ಬರಿ.

ನೈರಿ ಪೆನ್ನು ತೆಗೆದುಕೊಂಡಳು. ಕಾಗದ ನೋಡಿದಳು, ಕಿಟಕಿ ನೋಡಿದಳು.

ನೈರಿ: ಹೋದ ವರ್ಷ ಎಷ್ಟು ಜನ ಬಂದಿದ್ರು ನೆನಪಿದೆಯಾ? ಹದಿನಾಲ್ಕು. ಅದರಲ್ಲಿ ಇಬ್ಬರು ಯಾರದೋ ಅಂತ್ಯಸಂಸ್ಕಾರ ಆದ್ಮೇಲೆ ಕೊಡೋ ಚಹಾಕ್ಕೆ ಬಂದೋರು, ಬಾಗಿಲು ತಪ್ಪಿ ನಮ್ಮಲ್ಲಿ ಕೂತಿದ್ರು.

ಡುಗಾಲ್: ಪಾಪ, ಸಂಜೆವರೆಗೂ ಕೂತಿದ್ರು. ಒಬ್ಬರು ಒಂದು ತಪ್ಪೂ ಹುಡುಕಿ ಕೊಟ್ರು.

ನೈರಿ: ನನಗೆ ನಗು ಬರ್ತಿಲ್ಲ ಡುಗಾಲ್. ಈ ಸಲ ಮೂವತ್ತೇಳು ಜನ ಬರ್ತೀವಿ ಅಂದಿದಾರೆ. ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಟ್ಟಲೆ ಕೆಲಸ ಮಾಡಿದೋರು. ಅವರಿಗೆಲ್ಲಾ ‘ಬರಬೇಡಿ, ಜಾಗ ಇಲ್ಲ’ ಅಂತ ಹೇಗೆ ಬರೀಲಿ? ಒಂದು ಸಲ ಹಾಗೆ ಬರೆದ್ರೆ ಮುಂದಿನ ವರ್ಷ ಒಬ್ಬರೂ ತುಂಬಲ್ಲ.

ಬಾಗಿಲು ಬಡಿದ ಸದ್ದಾಯಿತು. ತಡವಾಗುವುದೆಂದರೇನೆಂದು ಐಲ್ಸಾಗೆ ಗೊತ್ತಿಲ್ಲ. ಎಪ್ಪತ್ತಾರು ವರ್ಷ, ನೆಟ್ಟಗಿನ ಬೆನ್ನು, ಕಂಕುಳಲ್ಲಿ ದಪ್ಪನೆಯ ಕಂದು ಲಕೋಟೆ. ಕೂರಲೂ ಇಲ್ಲ, ಕೈ ಚಾಚಿದರು.

ಐಲ್ಸಾ: ಪಟ್ಟಿ ಕೊಡಮ್ಮ. ಎಷ್ಟಾಯ್ತು?

ನೈರಿ: ನೂರ ಹನ್ನೆರಡು ಬಂದಿತ್ತು.

ಡುಗಾಲ್ ಚಾವಣಿ ನೋಡಿದ.

ನೈರಿ: ಆದ್ರೆ ಅದರಲ್ಲಿ ಮೂವತ್ತೇಳೇ ನಿಜ. ಉಳಿದಿದ್ದೆಲ್ಲಾ ನಮ್ಮೋರು ಫಾರ್ಮ್ ಕೆಡಿಸಿ ನೋಡೋಕೆ ತುಂಬಿದ್ದು. ಇನ್ನು ಮೂರು ಸೇರಿಸಿ ಕೊಡೋಣ ಅನ್ನಿಸ್ತು, ಕೈ ಬರ್ಲಿಲ್ಲ. ಹಾಲ್ ನಿಮ್ಮ ಡೇಲಿಯಾಗೆ ಕೊಡಿ ಐಲ್ಸಾ. ನನಗೆ ಹೊಟ್ಟೆ ಉರೀತಾ ಇದೆ, ಆದ್ರೂ ಕೊಡಿ.

ಐಲ್ಸಾ ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದರು. ಮತ್ತೆ ಕೆಳಗಿಂದ ಮೇಲೆ ಹೋದರು.

ಐಲ್ಸಾ: ಕಪ್ಪೆ ಅಂತೆ, ಕಾಲ್ಚೀಲ ಅಂತೆ, ಎಲ್ಲರೂ ಇದಾರೆ. ಮಾರ್ಗರೆಟ್ ಎಲ್ಲಿ?

ನೈರಿ: ಯಾವ ಮಾರ್ಗರೆಟ್?

ಐಲ್ಸಾ: ಮಾರ್ಗರೆಟ್ ವಿಲ್ಸನ್. ನನ್ನ ತಂಗಿ. ಅವಳು, ನಮ್ಮ ಸಂಘದ ಮೇರಿ, ಜೋನ್, ಆನ್, ನಾಲ್ಕೂ ಜನ ಲೈಬ್ರರಿಗೆ ಹೋಗಿ, ಅಲ್ಲಿರೋ ಒಂದೇ ಕಂಪ್ಯೂಟರ್ ಮುಂದೆ ಸಾಲಾಗಿ ನಿಂತು ತುಂಬಿ ಬಂದಿದಾರೆ. ಮಂಡಿನೋವು ಬೇರೆ. ಅವರ ಹೆಸರು ಎಲ್ಲಿ ಹೋಯ್ತು?

ಡುಗಾಲ್: ಅವರು... ನಿಜಾನಾ?

ಐಲ್ಸಾ: ಆ ಮಾತು ಮಾರ್ಗರೆಟ್ ಮುಂದೆ ಆಡಬೇಡಪ್ಪ. ಮಳೆ ಅಳೆಯದೆ ಡೇಲಿಯಾ ಬೆಳೆಯೋಕಾಗುತ್ತಾ? ಎರಡು ವರ್ಷದಿಂದ ನಿಮ್ಮ ಬಕೆಟ್‌ಗೇ ಬರೀತಾ ಇದಾರೆ. ಅದರಲ್ಲಿ ಏನೋ ತಪ್ಪಿದೆ ಅಂತ ಮಾರ್ಗರೆಟ್ ಅಂಚೇಲಿ ಪತ್ರ ಬೇರೆ ಹಾಕಿದ್ದಳು, ನೀವ್ಯಾರೂ ಉತ್ತರ ಬರೀಲಿಲ್ಲ. ಖುದ್ದಾಗಿ ಬಂದು ಹೇಳ್ತೀನಿ ಅಂತ ಹಟ ಹಿಡಿದಿದಾಳೆ.

ನೈರಿ ಬೆರಳು ಮಡಿಸಿ ಎಣಿಸಿದಳು. ಮೂವತ್ತೇಳಕ್ಕೆ ನಾಲ್ಕು. ವಿಜ್ಞಾನದ ಟೀಚರಿಗೆ ಅಷ್ಟಕ್ಕೆ ಬೆರಳು ಬೇಕಿರಲಿಲ್ಲ, ಆದರೆ ಕಣ್ಣು ತುಂಬಿಬಂದಿತ್ತು.

ನೈರಿ: ನಲವತ್ತೊಂದು. ಹಾಗಾದ್ರೆ ಹಾಲ್ ನಮ್ಮದು.

ಐಲ್ಸಾ: ನಿಮ್ಮದೇ.

ನೈರಿ: ಮತ್ತೆ ನಿಮ್ಮ ಹೂವು?

ಐಲ್ಸಾ: ಹೂವಿಗೆ ಗೋಡೆ ಪಕ್ಕದ ಜಾಗ ಸಾಕು, ನೀವು ನಡುವೆ ಕೂರ್ತೀರಿ. ಒಂದೇ ದಿನ ಎರಡೂ ನಡೀಲಿ ಅಂತ ಸಮಿತಿಯನ್ನ ಒಪ್ಪಿಸಿದೀನಿ. ಆದ್ರೆ ನಿಯಮ ಎಲ್ಲರಿಗೂ ಒಂದೇ, ನಮಗೂ ನಲವತ್ತು ಹೆಸರು ಬೇಕಂತೆ.

ಡುಗಾಲ್: ನಿಮ್ಮದು ಎಷ್ಟಾಗಿದೆ?

ಐಲ್ಸಾ ಮೊದಲ ಸಲ ಕುರ್ಚಿ ಎಳೆದು ಕೂತರು. ಒಂದು ಸ್ಕೋನನ್ನೂ ತೆಗೆದುಕೊಂಡರು.

ಐಲ್ಸಾ: ಹತ್ತೊಂಬತ್ತು. ಮಿಕ್ಕಿದ್ದಕ್ಕೆ ನಿಮ್ಮೋರ ಹೆಸರು ಹೇಗೆ ಕೇಳೋದು ಅಂತ ಬೆಳಗ್ಗೆಯಿಂದ ಒದ್ದಾಡ್ತಾ ಇದ್ದೆ. ನೀನು ಮೂವತ್ತೇಳು ಅಂತ ನಿಜ ಹೇಳಿದ್ಮೇಲೆ ನನಗೂ ಧೈರ್ಯ ಬಂತು ನೋಡು.

ಕಂದು ಲಕೋಟೆ ಮೇಜಿನ ಮೇಲೆ ಬಂತು. ಒಳಗಿಂದ ಡೇಲಿಯಾ ಸಂಘದ ನೋಂದಣಿ ಫಾರ್ಮುಗಳ ಕಂತೆ ಹೊರಬಿತ್ತು. ತಲೆಗೆ ನಾಲ್ಕು ಪುಟ.

ನೈರಿ: ಎಲ್ಲರ ಹತ್ರನೂ ತುಂಬಿಸಿ ಕೊಡ್ತೀವಿ. ಕಪ್ಪೆಯಿಂದ ಹಿಡಿದು ಕೀತ್‌ವರೆಗೆ.

ಐಲ್ಸಾ: ಶಾಯಿಯಲ್ಲಿ ತುಂಬಿ. ತುಂಬೋದಷ್ಟೇ, ನಿಮ್ಮ ಕೆಡಿಸಿ ನೋಡೋ ಆಟ ಬೇಡ.

ಅಷ್ಟರಲ್ಲಿ ಡುಗಾಲ್ ಒಂದು ಫಾರ್ಮ್ ಎಳೆದುಕೊಂಡು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದಿದ್ದ.

ಡುಗಾಲ್: ಐಲ್ಸಾ, ಮೂರನೇ ಪ್ರಶ್ನೆ ಆದ್ಮೇಲೆ ನೇರವಾಗಿ ಐದು ಬಂದಿದೆ. ನಾಲ್ಕು ಇಲ್ಲ. ಇದೊಂದು ತಪ್ಪು ತಿದ್ದಿಬಿಡ್ಲಾ?

ಐಲ್ಸಾ: ಪೆನ್ಸಿಲ್ ಕೆಳಗಿಡು. ಅದು ತಪ್ಪಲ್ಲ, ಸಾವಿರದ ಒಂಬೈನೂರ ಅರವತ್ತೆಂಟರಿಂದ ಹಾಗೇ ಇದೆ.